ಲಿಂಕ್ ಇಲ್ಲದ ಹಳೇ ಸಂಚಿಕೆಗಳನ್ನು ವಿಕಿಪೀಡಿಯಾದಲ್ಲಿ ಉಲ್ಲೇಖವಾಗಿ ಕೊಡಬಹುದಾ?

ಮಾಟುಂಗಾ_ಕಪಾಟು:
ಮುಂಬಯಿಯ ಒಂದು ಕಾಲೇಜಿನಲ್ಲಿ ನಾನು ಲೈಬ್ರೇರಿಯನ್. ವಿಕಿಪೀಡಿಯಾದ 'ಒನ್ ಲಿಬ್ ಒನ್ ರೆಫ್' ಅಭಿಯಾನ ಕೆಲವರಿಗೆ ಗೊತ್ತಿರಬಹುದು. ಒಬ್ಬ ಗ್ರಂಥಪಾಲಕರು ಒಂದು ಉಲ್ಲೇಖ ಸೇರಿಸಿ, ಅಷ್ಟೇ ಅವರು ಕೇಳುವುದು. 2016ರಲ್ಲಿ ವಿಕಿಪೀಡಿಯಾಗೆ 15 ತುಂಬಿದಾಗ ಶುರುವಾಯಿತು. ಈಗ ವರ್ಷಕ್ಕೆ ಎರಡು ಸಲ ಇದೆ, ಜನವರಿ 15ರಿಂದ ಫೆಬ್ರವರಿ 5, ಆಮೇಲೆ ಮೇ 15ರಿಂದ ಜೂನ್ 5. ಮೇನಲ್ಲಿ ಹುಡುಗರು ಇರುವುದಿಲ್ಲ, ಹಾಗಾಗಿ ನಾವು ನಾಲ್ಕು ಜನ ಕೂರೋಣ ಅಂದುಕೊಂಡಿದ್ದೇವೆ. ಇಂಗ್ಲಿಷ್ ಪುಟಗಳಿಗೆ ಜನ ಇದ್ದಾರೆ. ನಮಗೆ ಆಸೆ ಇರುವುದು ಕನ್ನಡ ವಿಕಿಪೀಡಿಯಾದಲ್ಲಿ, ಅದರಲ್ಲೂ ಮುಂಬಯಿ ಕನ್ನಡಿಗರ ಸಂಘ, ಬರಹಗಾರರು, ನಾಟಕ ಇಂಥ ಪುಟಗಳಲ್ಲಿ. ಆದರೆ ಗೂಗಲ್ ಮಾಡಿದರೆ ಏನೂ ಸಿಗಲ್ಲ. ಇರುವುದೆಲ್ಲ ಸ್ಮರಣ ಸಂಚಿಕೆ, ಹಳೇ ಮಾಸಪತ್ರಿಕೆ. ಲಿಂಕ್ ಇಲ್ಲ ಅಂತ ಅಳಿಸಿಬಿಡುತ್ತಾರಾ?

ಕಲ್ಯಾಣ್_ಲೋಕಲ್:
ಅಳಿಸುವ ಹಾಗಿಲ್ಲ. ಉಲ್ಲೇಖ ಆನ್‌ಲೈನ್‌ನಲ್ಲೇ ಇರಬೇಕು ಅನ್ನುವ ನಿಯಮವೇ ಇಲ್ಲ. ಪ್ರಕಟವಾಗಿರಬೇಕು, ಬೇರೆಯವರು ಹುಡುಕಿಕೊಂಡು ಹೋದರೆ ಸಿಗುವಂತಿರಬೇಕು, ಅಷ್ಟು ಸಾಕು. ಶೀರ್ಷಿಕೆ, ಲೇಖಕ, ಸಂಪಾದಕ, ವರ್ಷ, ಪುಟ ಸಂಖ್ಯೆ ಎಲ್ಲ ಹಾಕಿ. ಪುಟ ಸಂಖ್ಯೆ ಬಿಟ್ಟರೆ ಯಾರಿಗೂ ಪ್ರಯೋಜನ ಇಲ್ಲ.

ಆದರೆ ಸ್ಮರಣ ಸಂಚಿಕೆ ಅಂದರೆ ಸ್ವಲ್ಪ ಹುಷಾರು. ಅದು ಸಂಘ ತನ್ನ ಬಗ್ಗೆ ತಾನೇ ಬರೆದುಕೊಂಡದ್ದು. ಮುಂಬಯಿ ಕನ್ನಡಿಗರ ಮೈಸೂರು ಅಸೋಸಿಯೇಷನ್ 1926ರಲ್ಲಿ ಶುರುವಾಯಿತು ಅನ್ನುವುದಕ್ಕೆ ಅವರದೇ ಪ್ರಕಟಣೆ ನಡೆಯುತ್ತದೆ. 'ಮುಂಬಯಿಯಲ್ಲೇ ಇಂಥ ಸಂಸ್ಥೆ ಇನ್ನೊಂದಿಲ್ಲ' ಅಂತ ಯಾವುದಾದರೂ ಸಂಘದ ಸಂಚಿಕೆ ಹೇಳಿದರೆ ಅದು ಹೊಗಳಿಕೆ, ಅದಕ್ಕೆ ಹೊರಗಿನವರು ಬರೆದದ್ದು ಬೇಕು. ಇನ್ನೊಂದು, ನೀವೇ ಆ ಸಂಘದ ಕಮಿಟಿಯಲ್ಲಿದ್ದರೆ ಆ ಪುಟ ಬಿಟ್ಟು ಬೇರೆಯದು ಹಿಡಿಯಿರಿ, ಇಲ್ಲವೇ ಚರ್ಚೆಪುಟದಲ್ಲಿ ಮೊದಲೇ ಹೇಳಿಬಿಡಿ.

ಪೇಠೆ_ಓದುಗಿ:
ನಾನು ಪುಣೆಯಲ್ಲಿ ಕ್ಯಾಟಲಾಗಿಂಗ್ ಮಾಡುತ್ತೇನೆ. ಸಂಪಾದನೆ ಪೆಟ್ಟಿಗೆಯಲ್ಲಿ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಅಥವಾ ಲಿಂಕ್ ಹಾಕಿದರೆ ಉಲ್ಲೇಖ ತಾನಾಗೇ ತಯಾರಾಗುತ್ತದೆ ಅಂತ ಹೇಳಿಕೊಡುತ್ತಾರೆ. ಇಂಗ್ಲಿಷ್ ಪುಸ್ತಕಕ್ಕೆ ಸರಿ. 1970ಕ್ಕಿಂತ ಹಿಂದಿನ ಕನ್ನಡ ಪುಸ್ತಕಕ್ಕೆ ಐಎಸ್‌ಬಿಎನ್ ಎಲ್ಲಿಂದ ಬರಬೇಕು? ಆಮೇಲಿನ ಎಷ್ಟೋ ಪುಸ್ತಕಗಳಿಗೂ ಇಲ್ಲ. ಕೈಯಿಂದಲೇ ತುಂಬಬೇಕು, ಅಲ್ವಾ? ಇಂಟರ್ನೆಟ್ ಆರ್ಕೈವ್‌ನಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಸ್ಕ್ಯಾನ್‌ಗಳು ಸಿಗುತ್ತವೆ, ಆದರೆ ಅಲ್ಲಿ ಕೊಟ್ಟಿರುವ ಹೆಸರು, ವರ್ಷ ಎಷ್ಟೋ ಕಡೆ ತಪ್ಪು. ಲೇಖಕರ ಜಾಗದಲ್ಲಿ ಪ್ರಕಾಶಕರ ಹೆಸರು ಕೂತಿರುತ್ತದೆ! ಮುಖಪುಟದ ಒಳಗಿನ ಹಾಳೆ ತೆರೆದು ನೋಡಿ, ಅಲ್ಲಿರುವುದನ್ನೇ ಬರೆಯಿರಿ. ನಮ್ಮ ಕಡೆ ಅಚ್ಚಾದ ಹಳೇ ಪುಸ್ತಕಗಳಲ್ಲಿ ಶಕ ವರ್ಷ ಮಾತ್ರ ಇರುವುದೂ ಉಂಟು. 78 ಕೂಡಿಸಿ, ಶಕ 1850 ಅಂದರೆ 1928, ಆದರೆ ಜನವರಿಯಿಂದ ಯುಗಾದಿವರೆಗಿನ ತಿಂಗಳಾದರೆ 79. ಮರುಮುದ್ರಣವಾದರೆ ನಿಮ್ಮ ಕೈಯಲ್ಲಿರುವ ಮುದ್ರಣದ ವರ್ಷ ಹಾಕಿ, ಪುಟ ಸಂಖ್ಯೆ ಅದರದ್ದೇ ತಾನೆ.

ಸುಮ್ನೆ_ಕೇಳ್ತೀನಿ:
ಬೇಜಾರು ಮಾಡ್ಕೋಬೇಡಿ, ಒಬ್ಬೊಬ್ಬರು ಒಂದೊಂದು ಉಲ್ಲೇಖ ಹಾಕಿ ಏನಾಗುತ್ತೆ? ಕನ್ನಡ ವಿಕಿಪೀಡಿಯಾದಲ್ಲಿ ಮೆಷಿನ್ ಅನುವಾದದ ಉದ್ದುದ್ದ ಲೇಖನಗಳು ಬಿದ್ದಿವೆ, ಓದಿದರೆ ತಲೆಬುಡ ಗೊತ್ತಾಗಲ್ಲ. ಮೊದಲು ಅದನ್ನು ಸರಿ ಮಾಡಲಿ.

ಕಲ್ಯಾಣ್_ಲೋಕಲ್:
ಅವು ಹೆಚ್ಚಾಗಿ 2010ರ ಆಸುಪಾಸು ಗೂಗಲ್‌ನ ಅನುವಾದ ಟೂಲ್‌ಕಿಟ್‌ನಿಂದ ಬಂದದ್ದು. ಭಾಷೆ ತಿದ್ದುವುದು ಬೇರೆ ಕೆಲಸ, ಅದಕ್ಕೆ ಬೇರೆ ಜನ ಬೇಕು. ಆದರೆ ಆ ಲೇಖನಗಳಲ್ಲಿ ಉಲ್ಲೇಖಕ್ಕೆ ಬರ ಇಲ್ಲ, ಇಂಗ್ಲಿಷಿನಿಂದ ಹಾಗೇ ಎತ್ತಿ ತಂದಿದ್ದಾರೆ, ಎಷ್ಟೋ ಲಿಂಕ್ ಸತ್ತಿವೆ. ಹಳೇ ವೆಬ್‌ಪುಟಗಳನ್ನು ಉಳಿಸಿಡುವ ವೇಬ್ಯಾಕ್ ಮೆಷಿನ್‌ನಲ್ಲಿ ಹಳೇ ಪ್ರತಿ ಹುಡುಕಿ ಸೇರಿಸಬಹುದು. ಅದನ್ನು ಯಾರು ಬೇಕಾದರೂ ಮಾಡುತ್ತಾರೆ. ಮಾಟುಂಗಾದ ಕಪಾಟಿನಲ್ಲಿರುವ ಮಾಸಪತ್ರಿಕೆಯ 14ನೇ ಪುಟವನ್ನು ಅಲ್ಲಿ ಕೂತವರು ಬಿಟ್ಟು ಬೇರೆ ಯಾರೂ ಹಾಕೋಕೆ ಆಗಲ್ಲ. ಲೈಬ್ರರಿಯವರನ್ನು ಕರೆಯುವುದೇ ಅದಕ್ಕೆ.

ಪೇಠೆ_ಓದುಗಿ:
ಇನ್ನೊಂದು ಕಾಟ ಇದೆ. ಬ್ಲಾಗಿನವರು ವಿಕಿಪೀಡಿಯಾದಿಂದ ನಕಲು ಮಾಡುತ್ತಾರೆ, ಆಮೇಲೆ ಯಾರೋ ಅದೇ ಬ್ಲಾಗನ್ನು ತಂದು ವಿಕಿಪೀಡಿಯಾಗೆ ಆಧಾರ ಅಂತ ಅಂಟಿಸುತ್ತಾರೆ. ಅಂಥದ್ದು ಕಂಡರೆ ತೆಗೆದು ಪುಸ್ತಕದ ಪುಟ ಹಾಕಿ, ಅದೂ ಅಭಿಯಾನದ ಲೆಕ್ಕಕ್ಕೆ ಬರುತ್ತದೆ.

ಮಾಟುಂಗಾ_ಕಪಾಟು:
ಧೈರ್ಯ ಬಂತು. ಹಾಗಾದರೆ ಲೈಬ್ರರಿ ಹೆಸರಲ್ಲಿ ಒಂದೇ ಖಾತೆ ತೆರೆದು ನಾಲ್ವರೂ ಬಳಸೋಣ ಅಂತಿದ್ದೇವೆ.

ಕಲ್ಯಾಣ್_ಲೋಕಲ್:
ಬೇಡ, ಹಂಚಿಕೊಂಡ ಖಾತೆಗೆ ತಡೆ ಬೀಳುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಖಾತೆ ಮಾಡಿ. ಕಾಲೇಜಿನ ಒಂದೇ ನೆಟ್‌ನಿಂದ ದಿನಕ್ಕೆ ಆರು ಹೊಸ ಖಾತೆ ತನಕ ಬಿಡುತ್ತದೆ, ನೀವು ನಾಲ್ಕೇ ಜನ. ಉಳಿಸುವಾಗ ಸಂಪಾದನೆ ಸಾರಾಂಶದಲ್ಲಿ ಅಭಿಯಾನದ ಹ್ಯಾಷ್‌ಟ್ಯಾಗ್ ಹಾಕುವುದು ಮರೆಯಬೇಡಿ, ಅವರು ಎಣಿಸುವುದು ಅದರಿಂದಲೇ.