ಗುಲ್ಮಾರ್ಗ್‌ನಲ್ಲಿ ಈಗ ಸ್ಕೀ ಮಾಡುವಷ್ಟು ಹಿಮ ಇದೆಯಾ?

ಪ್ರಶ್ನೆ: ಮುಂದಿನ ವಾರ ಬೆಂಗಳೂರಿನಿಂದ ಹೊರಡುತ್ತಿದ್ದೇವೆ. 2024ರ ಜನವರಿಯಲ್ಲಿ ಅಲ್ಲಿ ಹಿಮವೇ ಇರಲಿಲ್ಲ ಅಲ್ವಾ, ಅದೇ ಭಯ. ಮಗಳಿಗೆ ಸ್ಕೀ ಹೊಸದು.

ಉತ್ತರ: ನಾನು ಇಲ್ಲೇ ಇದ್ದೇನೆ, ಧೈರ್ಯವಾಗಿ ಬನ್ನಿ. ರಾತ್ರಿಯೆಲ್ಲ ಸುರಿದಿದೆ. ಬೆಳಿಗ್ಗೆ ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಯಿತು. ಒಣ ಹಿಮ, ಮುಷ್ಟಿಯಲ್ಲಿ ಹಿಡಿದರೂ ಉಂಡೆ ಕಟ್ಟುವುದಿಲ್ಲ. ಮಗಳಿಗೆ ಕೆಳಗಿನ ಇಳಿಜಾರೇ ಸಾಕು. ಬಿಸಿಲೇರಿದರೆ ಹಿಮ ಒದ್ದೆಯಾಗಿ ಸ್ಕೀ ಜಾರುವುದಿಲ್ಲ, ಬೆಳಿಗ್ಗೆಯೇ ಕಲಿಸಿ.

ಇನ್ನೊಬ್ಬರು: ಮೇಲಿನ ಅಫರ್ವಾಟ್ ಶಿಖರಕ್ಕೆ ಹೋಗಬಹುದಾ?

ಉತ್ತರ: ಇವತ್ತು ಬೇಡ. ಅಲ್ಲಿಗೆ ಹೋಗುವ ಗೊಂಡೋಲಾದ (ಕೇಬಲ್ ಕಾರ್) ಎರಡನೇ ಹಂತ ಜೋರು ಗಾಳಿಗೆ ನಿಂತಿದೆ. ಅದು 3,900 ಮೀಟರ್ ದಾಟಿದ ಎತ್ತರ. ಹೊಸ ಹಿಮ ಕುಸಿಯುವ ಅಪಾಯ ಜಾಸ್ತಿ. 2024ರ ಫೆಬ್ರವರಿಯಲ್ಲಿ ಹಾಗೆ ಕುಸಿದು ರಷ್ಯಾದ ಸ್ಕೀಗಾರರೊಬ್ಬರು ತೀರಿಕೊಂಡರು. ಸುರಕ್ಷತೆ ನೋಡುವ ಸ್ಕೀ ಗಸ್ತಿನವರು ಇಳಿಜಾರು ತೆರೆಯುವವರೆಗೆ ದಯವಿಟ್ಟು ಕಾಯಿರಿ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಸರ್. ಟಿಕೆಟ್ ಹಾಗೇ ಇಟ್ಟುಕೊಳ್ಳುತ್ತೇವೆ.