ಶಾಶಾಂಕ್ ಸಿನಿಮಾ ಮೇಲೆ ಸೆಮಿನಾರ್: ಕಳಂಕಕ್ಕೆ ಯಾವ ಸೀನ್ ಹಿಡಿಯುವುದು?

ಕೊಣಾಜೆ ಬಸ್ಸು:
ನಾನು ಸಮಾಜಶಾಸ್ತ್ರ ಎಂ.ಎ. ಮುಂದಿನ ವಾರ ಸೆಮಿನಾರ್ ಉಂಟು. ಒಂದು ಜೈಲು ಸಿನಿಮಾ ಇಟ್ಟುಕೊಂಡು ನಿಯಂತ್ರಣ, ರೂಢಿ, ಕಳಂಕ ಈ ಮೂರರ ಬಗ್ಗೆ ಮಾತಾಡಬೇಕು. 1994ರ ‘ದ ಶಾಶಾಂಕ್ ರಿಡೆಂಪ್ಷನ್’ ತೆಗೆದುಕೊಂಡೆ. ಸಮಾಜಶಾಸ್ತ್ರಜ್ಞ ಗಾಫ್‌ಮನ್ ಹೇಳಿದ ಟೋಟಲ್ ಇನ್‌ಸ್ಟಿಟ್ಯೂಷನ್, ಅಂದರೆ ಹೊರಗಿನಿಂದ ಕಡಿದು ಇಡೀ ಬದುಕನ್ನೇ ಹಿಡಿತಕ್ಕೆ ತೆಗೆದುಕೊಳ್ಳುವ ಸಂಸ್ಥೆ, ಮೊದಲ ದಿನದ ಸೀನ್‌ನಲ್ಲೇ ಸಿಕ್ಕಿತು: ಬಟ್ಟೆ ಬಿಚ್ಚಿಸಿ, ಪೈಪಿನಿಂದ ನೀರು ಹೊಡೆದು, ಪುಡಿ ಎರಚಿ, ಬೆತ್ತಲೆಯಾಗಿಯೇ ಸೆಲ್ಲಿಗೆ ನಡೆಸುತ್ತಾರೆ. ಅಲ್ಲಿಂದ ಮುಂದೆ ಕೈ ಓಡುತ್ತಿಲ್ಲ. ಎಲ್ಲಿ ನೋಡಿದರೂ ಕಥಾನಾಯಕ ಕೈದಿ ಆಂಡಿ, ಅವನ ಆಸೆ, ತಪ್ಪಿಸಿಕೊಳ್ಳಲು ಕೊರೆದ ಸುರಂಗ ಅಷ್ಟೇ. ಕಳಂಕಕ್ಕೂ ಆಂಡಿಯೇ ಸಾಕಾ?

ಮಲ್ಪೆ ಗಾಳಿ:
ಆಂಡಿಯನ್ನು ಬಿಡಿ ಮಾರಾಯ್ರೆ. ಕೊಲೆಗೆ ಶಿಕ್ಷೆ ಆಗಿದ್ದರೂ ಅವನು ಕೊಲೆ ಮಾಡಿಲ್ಲ ಅಂತ ನಮಗೆ ಗೊತ್ತಾಗುತ್ತದೆ, ಹಾಗಾಗಿ ಆರಾಮಾಗಿ ಅವನ ಕಡೆ ನಿಲ್ಲುತ್ತೇವೆ. ಕಳಂಕದ ಪ್ರಶ್ನೆಯಿಂದ ಸಿನಿಮಾ ನಮ್ಮನ್ನು ಅಲ್ಲೇ ಪಾರು ಮಾಡಿಬಿಡುತ್ತದೆ. ಅವನ ಜೈಲು ಗೆಳೆಯ ರೆಡ್ ಹಾಗಲ್ಲ, ನಿಜವಾಗಿ ಕೊಂದವ. ‘ನಾನು ಏನೂ ಮಾಡಿಲ್ಲ’ ಅನ್ನುವುದೇ ರೂಢಿಯಾದ ಜಾಗದಲ್ಲಿ ಒಪ್ಪಿಕೊಳ್ಳುವವನೂ ಅವನೇ. ಬಿಡುಗಡೆ ಆದ ಮೇಲೆ ದಿನಸಿ ಅಂಗಡಿಯಲ್ಲಿ ಚೀಲ ತುಂಬುತ್ತಾ ಮೂತ್ರಕ್ಕೆ ಹೋಗಲು ಮ್ಯಾನೇಜರ್ ಹತ್ತಿರ ಅನುಮತಿ ಕೇಳುತ್ತಾನಲ್ಲ, ಅದನ್ನು ಇನ್ನೊಮ್ಮೆ ನೋಡಿ. ಪ್ರತಿ ಸಲ ಕೇಳಬೇಕಾಗಿಲ್ಲ ಅಂತ ಮ್ಯಾನೇಜರ್ ಹೇಳಿದರೂ ಪ್ರಯೋಜನ ಇಲ್ಲ, 40 ವರ್ಷ ಕೇಳಿ ಕೇಳಿ ಈಗ ಕೇಳದೆ ಬರುವುದೇ ಇಲ್ಲ! ಜೈಲಿನ ರೀತಿ ಹೀಗೆ ಮೈಗೆ ಹತ್ತುವುದಕ್ಕೆ ಸಮಾಜಶಾಸ್ತ್ರಜ್ಞ ಕ್ಲೆಮ್ಮರ್ 1940ರಲ್ಲೇ ಪ್ರಿಸನೈಸೇಶನ್ ಅಂತ ಹೆಸರಿಟ್ಟರು. ಇನ್ನೊಬ್ಬ ಕೈದಿ ಬ್ರೂಕ್ಸ್‌ನದ್ದೂ ಅದೇ ಕಥೆ. ಒಳಗೆ ಲೈಬ್ರರಿ ನೋಡಿಕೊಳ್ಳುವ ಮರ್ಯಾದೆಯ ಮುದುಕ, ಹೊರಗೆ ಯಾರೂ ಅಲ್ಲ. ಬಿಡುಗಡೆ ತಪ್ಪಿಸಿಕೊಳ್ಳಲು ಜೊತೆಯವನ ಕುತ್ತಿಗೆಗೇ ಚಾಕು ಹಿಡಿದವ.

ಕಂಬಳದ ಕಿಟ್ಟ:
ಒಂದು ಮಾತು. ದಯವಿಟ್ಟು ಫ್ರೆಂಚ್ ಚಿಂತಕ ಫೂಕೋ ಹಾಕಬೇಡಿ, ಜೈಲು ಅಂದ ಕೂಡಲೇ ಎಲ್ಲರೂ ಹೇಳುವುದು ಅವರ ಅದೇ ಕಾವಲು ಗೋಪುರ, ಯಾವಾಗಲೂ ಯಾರೋ ನೋಡುತ್ತಿದ್ದಾರೆ ಅನ್ನುವ ಮಾತು. ಇಲ್ಲಿ ಪೋಸ್ಟರ್ ಹಿಂದೆ ಒಬ್ಬ ವರ್ಷಗಟ್ಟಲೆ ಗೋಡೆ ಕೊರೆದರೂ ಯಾರಿಗೂ ಗೊತ್ತಾಗಲಿಲ್ಲ, ಇದೆಂಥ ಕಣ್ಗಾವಲು? ಸಮಾಜಶಾಸ್ತ್ರಜ್ಞ ಸೈಕ್ಸ್ ಓದಿ. ನ್ಯೂಜೆರ್ಸಿಯ ಜೈಲು ನೋಡಿ 1958ರಲ್ಲಿ ಬರೆದ ಪುಸ್ತಕ. ಬರೀ ಹೊಡೆದು ಬಡಿದು ದಿನದ ಕೆಲಸ ನಡೆಸಲು ಆಗುವುದಿಲ್ಲ, ಹಾಗಾಗಿ ಕಾವಲಿನವರೂ ಕೈದಿಗಳ ಜೊತೆ ಕೊಡು-ಕೊಳ್ಳು ಮಾಡಿಕೊಳ್ಳುತ್ತಾರೆ ಅನ್ನುತ್ತಾರೆ. ಟಾರು ಹಾಕುವ ತಾರಸಿ ಸೀನ್ ನೋಡಿ, ಕಾವಲಿನವರ ಮುಖ್ಯಸ್ಥ ಹ್ಯಾಡ್ಲಿ ಆಂಡಿಯನ್ನು ಅಂಚಿಗೆ ತಳ್ಳಿ ಹಿಡಿದಿದ್ದಾನೆ. ಹ್ಯಾಡ್ಲಿಗೆ ಬರುವ 35,000 ಡಾಲರಿಗೆ ತೆರಿಗೆ ಉಳಿಸುವ ದಾರಿ ಆಂಡಿಯ ಬಾಯಿಂದ ಬಂದ ಕೂಡಲೇ ಲೆಕ್ಕವೇ ಬದಲು, ಎಲ್ಲರಿಗೂ ಬಿಯರ್! ಆದರೆ ಆಂಡಿ ಬ್ಯಾಂಕಿನವ. ಅಕ್ಷರ ಗೊತ್ತಿಲ್ಲದ ಕೈದಿಗೆ ಈ ವ್ಯಾಪಾರ ಕುದುರುತ್ತಿತ್ತಾ?

ಬಿಜೈ ಅಕ್ಕ:
ನನಗೆ ನಿಮ್ಮಷ್ಟು ಥಿಯರಿ ಗೊತ್ತಿಲ್ಲ, ಅಂಗಡಿ ಮಾತ್ರ ಗೊತ್ತು. ನಮ್ಮಲ್ಲಿ ಒಬ್ಬ ಹುಡುಗ ಸಾಮಾನು ಕಟ್ಟುವ ಕೆಲಸಕ್ಕಿದ್ದ. ಮಂಗಳೂರಿನ ಕೊಡಿಯಾಲಬೈಲ್ ಜೈಲಿನಲ್ಲಿ ವಿಚಾರಣಾಧೀನ ಕೈದಿಯಾಗಿದ್ದು ಆಮೇಲೆ ಖುಲಾಸೆ ಆದವ. ಗಲ್ಲಾದಲ್ಲಿ ಐವತ್ತು ರೂಪಾಯಿ ಕಡಿಮೆ ಬಂದರೂ ನಾವು ಕೇಳುವ ಮೊದಲೇ ಎರಡೂ ಕಿಸೆ ಹೊರಗೆ ಎಳೆದು ತೋರಿಸುತ್ತಿದ್ದ. ಬೇಡ ಮಾರಾಯಾ ಅಂದರೂ ಕೇಳುತ್ತಿರಲಿಲ್ಲ. ಬಾಡಿಗೆ ರೂಮಿನ ಕಡೆ ಯಾರಿಗೂ ವಿಷಯ ಗೊತ್ತಿರಲಿಲ್ಲ, ಅಲ್ಲಿ ಇನ್ನೊಂದು ಹೆದರಿಕೆ.

ಮಲ್ಪೆ ಗಾಳಿ:
ಅಕ್ಕಾ, ಇದೇ ಗಾಫ್‌ಮನ್. ಕಳಂಕದ ಬಗ್ಗೆ 1963ರ ಅವರ ಪುಸ್ತಕದಲ್ಲಿ ಈ ಎರಡನ್ನೂ ಬೇರೆ ಮಾಡುತ್ತಾರೆ: ಜನರಿಗೆ ಗೊತ್ತಾಗಿಬಿಟ್ಟದ್ದು ಒಂದು, ಯಾವಾಗ ಗೊತ್ತಾಗುತ್ತದೋ ಅಂತ ಬಚ್ಚಿಟ್ಟುಕೊಂಡು ಓಡಾಡುವುದು ಇನ್ನೊಂದು. ಅಂಗಡಿಯಲ್ಲಿ ಮೊದಲನೆಯದು, ರೂಮಿನಲ್ಲಿ ಎರಡನೆಯದು. ನಮ್ಮ ದೇಶದ್ದು ಸೇರಿಸುವುದಾದರೆ ಅಕ್ಟೋಬರ್ 2024ರ ಸುಪ್ರೀಂ ಕೋರ್ಟ್ ತೀರ್ಪು ನೋಡಿ. ಜಾತಿ ನೋಡಿ ಗುಡಿಸುವ, ಅಡುಗೆ ಮಾಡುವ ಕೆಲಸ ಹಂಚುತ್ತಿದ್ದ ಜೈಲು ನಿಯಮಗಳನ್ನು ಅದರಲ್ಲಿ ರದ್ದು ಮಾಡಿದರು. ಹೊರಗಿನ ಕಳಂಕ ಜೈಲಿನ ರೂಲ್‌ಬುಕ್ಕಿಗೇ ನುಗ್ಗಿತ್ತು ನೋಡಿ.

ಕೊಣಾಜೆ ಬಸ್ಸು:
ಥ್ಯಾಂಕ್ಸ್ ಎಲ್ಲರಿಗೂ. ರೆಡ್‌ನನ್ನೇ ನಡುವೆ ಇಟ್ಟು ಬರೆಯುತ್ತೇನೆ. ಫೂಕೋ ಪೂರ್ತಿ ಬಿಟ್ಟರೆ ನಮ್ಮ ಮೇಡಂ ಬಿಡುವುದಿಲ್ಲ, ಕಿಟ್ಟಣ್ಣ, ಒಂದು ಸ್ಲೈಡ್ ಇರಲಿ. ಸೈಕ್ಸ್ ಪುಸ್ತಕ ಯಾರ ಹತ್ತಿರವಾದರೂ ಉಂಟಾ?