ಮಿನಿಮ್ಯಾಪ್ (ಪರದೆಯ ಮೂಲೆಯ ಪುಟ್ಟ ನಕ್ಷೆ) ನೋಡದೆ ನೀವು ತಿರುಗಾಡಬಲ್ಲ ವಿಡಿಯೋ ಗೇಮಿನ ಊರು ಯಾವುದು?

ಪ್ರಶ್ನೆ (ವಿಜಯಪುರ)

ನಮ್ಮ ವಿಜಯಪುರದಲ್ಲಿ ಯಾರಾದರೂ ದಾರಿ ಕೇಳಿದರೆ ಓಣಿಯ ಹೆಸರು ಹೇಳುವುದು ಕಡಿಮೆ. ಗೋಲಗುಮ್ಮಟವನ್ನು ಬೆನ್ನಿಗೆ ಹಾಕಿಕೊಂಡು ನೇರ ಹೋಗಿರಿ, ಬಾರಾಕಮಾನ್ ಸಮೀಪಿಸಿದಾಗ ಇನ್ನೊಮ್ಮೆ ಕೇಳಿರಿ ಎನ್ನುತ್ತೇವೆ. ವಿಡಿಯೋ ಗೇಮುಗಳಲ್ಲಿಯೂ ನನಗೆ ಹಿಡಿಸುವುದು ಅಂಥ ಊರುಗಳೇ. 2009ರ ಅಸ್ಯಾಸಿನ್ಸ್ ಕ್ರೀಡ್ 2ರಲ್ಲಿ ಇಟಲಿಯ ಫ್ಲಾರೆನ್ಸಿನ ಕಥೆ 1476ರಲ್ಲಿ ಶುರುವಾಗುತ್ತದೆ. ವಾಸ್ತುಶಿಲ್ಪಿ ಬ್ರುನೆಲೆಸ್ಕಿ ಕಟ್ಟಿದ ಅಲ್ಲಿಯ ದೊಡ್ಡ ಚರ್ಚಿನ ಗುಮ್ಮಟ ಅದಕ್ಕೂ 40 ವರ್ಷ ಮೊದಲೇ ಎದ್ದು ನಿಂತಿತ್ತು. ಹಂಚಿನ ಮಾಡುಗಳ ಮೇಲೆ ಓಡುವಾಗ ಆ ಕೆಂಪು ಗುಮ್ಮಟ ಯಾವ ಕೈಗೆ ಕಾಣುತ್ತದೆ ಎಂಬುದೊಂದೇ ನನಗೆ ಸಾಕಾಗುತ್ತಿತ್ತು. ನೀವು ಹೀಗೆ ತಲೆಯಲ್ಲಿ ಇಟ್ಟುಕೊಂಡಿರುವ ಊರು ಯಾವುದು, ಅದು ಅಲ್ಲಿ ಉಳಿದದ್ದು ಯಾವ ಕಾರಣದಿಂದ ಎಂಬುದನ್ನು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ (ಬೆಳಗಾವಿ)

ಸರ್, ನನಗೆ ಗ್ರ್ಯಾಂಡ್ ಥೆಫ್ಟ್ ಆಟೋ (ಜಿಟಿಎ) ಸರಣಿಯ ವೈಸ್ ಸಿಟಿ. ಕಾಲೇಜಿನ ದಿನಗಳಲ್ಲಿ ಟಿಳಕವಾಡಿಯ ಒಂದು ನೆಟ್ ಸೆಂಟರಿನಲ್ಲಿ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡುತ್ತಿದ್ದೆವು. ದಾರಿ ತಪ್ಪಿದರೆ ದುಡ್ಡೂ ಹೋಗುತ್ತಿದ್ದುದರಿಂದ ಊರನ್ನು ಬಾಯಿಪಾಠ ಮಾಡಲೇಬೇಕಾಗಿತ್ತು. 2002ರ ಆ ಗೇಮಿನಲ್ಲಿ ದಾರಿ ತೋರಿಸುವ ಗೆರೆ ಇರಲಿಲ್ಲ. ಈ ಸರಣಿಗೆ ಜಿಪಿಎಸ್ ಬಂದದ್ದು 2008ರ ಜಿಟಿಎ 4ರಲ್ಲಿ. ಮೇಲಾಗಿ, ಚಂಡಮಾರುತದ ಎಚ್ಚರಿಕೆಯೆಂದು ಆರಂಭದಲ್ಲಿ ಸೇತುವೆಗಳನ್ನು ಮುಚ್ಚಿರುತ್ತಾರಾದ್ದರಿಂದ, ಪಶ್ಚಿಮದ ದ್ವೀಪಕ್ಕೆ ಕಾಲಿಡುವಷ್ಟರಲ್ಲಿ ಪೂರ್ವದ ದ್ವೀಪದ ಪ್ರತಿಯೊಂದು ತಿರುವೂ ಕೈಗೆ ಬಂದಿರುತ್ತಿತ್ತು. ಅರ್ಧ ಊರನ್ನು ಚೆನ್ನಾಗಿ ಕಲಿಸಿದ ಮೇಲೆಯೇ ಉಳಿದರ್ಧವನ್ನು ಕೊಡುವ ಈ ಕ್ರಮವನ್ನು ಇಂದಿನ ದೊಡ್ಡ ಗೇಮುಗಳು ಬಿಡಬಾರದಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಉತ್ತರ (ಬಾಗಲಕೋಟೆ)

ನಾನು ಹೇಳುವ ಊರು ತೀರ ಚಿಕ್ಕದು. 2000ದಲ್ಲಿ ನಿಂಟೆಂಡೊ 64 ಎಂಬ ಗೇಮ್ ಯಂತ್ರಕ್ಕೆ ಬಂದ ಜೆಲ್ಡಾ ಸರಣಿಯ ಮಜೋರಾಸ್ ಮಾಸ್ಕ್ ಗೇಮಿನ ಕ್ಲಾಕ್ ಟೌನ್ ಅದು. ನಡುವೆ ಗಡಿಯಾರದ ಗೋಪುರ, ಸುತ್ತ ನಾಲ್ಕು ದಿಕ್ಕಿನ ಬೀದಿಗಳು. ಮೂರು ದಿನಗಳಲ್ಲಿ ಚಂದ್ರನೇ ಆ ಊರಿನ ಮೇಲೆ ಬೀಳಲಿದ್ದಾನೆ. ಮೇಯರ್ ಮನೆಯಲ್ಲಿ ಕಾವಲುಪಡೆಯ ನಾಯಕ ಊರು ಖಾಲಿ ಮಾಡಿಸೋಣ ಎನ್ನುತ್ತಾನೆ, ಬಡಿಗರ ಮುಖಂಡ ಜಾತ್ರೆ ನಡೆಯಲೇಬೇಕು ಎನ್ನುತ್ತಾನೆ, ಮೇಯರ್ ಯಾವ ಕಡೆಗೂ ಮಾತು ಕೊಡದೆ ಕುಳಿತಿರುತ್ತಾನೆ. ಅಂಚೆಯವನಿಗೆ ಓಡಿಹೋಗುವ ಆಸೆ. ಆದರೆ ಅವನ ವೇಳಾಪಟ್ಟಿಯಲ್ಲಿ ಓಡಿಹೋಗುವುದನ್ನು ಬರೆದಿಲ್ಲ. ಕೊನೆಯ ರಾತ್ರಿ ಅವನು ಅಂಚೆ ಕಚೇರಿಯಲ್ಲಿಯೇ ನರಳುತ್ತಿರುತ್ತಾನೆ. ಮೇಲಿನವರು ಹೋಗೆಂದು ಹೇಳುವಂತೆ ಮಾಡಿದರೆ ಮಾತ್ರ ಅವನು ಊರು ಬಿಡುತ್ತಾನೆ.

ಆಲಮಟ್ಟಿಯ ಹಿನ್ನೀರಿಗೆ ನಮ್ಮ ಹಳೆಯ ಬಾಗಲಕೋಟೆಯ ಓಣಿಗಳು ಹೋಗುವಾಗ ನಾನು ಚಿಕ್ಕವನು. ನೆರೆಹೊರೆಯವರು ಬಾಗಿಲು, ಚೌಕಟ್ಟು, ತೊಲೆಗಳನ್ನು ಬಿಚ್ಚಿ ಟ್ರ್ಯಾಕ್ಟರಿಗೆ ಹೇರಿ ನವನಗರಕ್ಕೆ ಸಾಗಿಸುತ್ತಿದ್ದರೂ ನಮ್ಮ ಅಜ್ಜ ಮಾತ್ರ ದಿನಾಲೂ ಅಂಗಡಿಯ ಬಾಗಿಲು ತೆಗೆದು, ಕಟ್ಟೆ ಒರೆಸಿ, ತಕ್ಕಡಿ ತೂಗುಹಾಕುತ್ತಿದ್ದರು. ನವನಗರದಲ್ಲಿ ವಿಳಾಸವೆಂದರೆ ಸೆಕ್ಟರ್ ನಂಬರು. ಅಲ್ಲಿಗೆ ಬಂದ ಮೇಲೆ ಅವರು ಬಹಳ ದಿನ ಒಬ್ಬರೇ ಹೊರಗೆ ಹೋಗಲಿಲ್ಲ. ಕ್ಲಾಕ್ ಟೌನಿನಲ್ಲಿ ಯಾರು ಯಾವ ಹೊತ್ತಿಗೆ ಎಲ್ಲಿರುತ್ತಾರೆ ಎಂಬುದೇ ನನಗೆ ನಕ್ಷೆ. ಗುರುತಾಗಿ ಕಟ್ಟಡವೇ ಬೇಕೆಂಬ ನಿಮ್ಮ ಮಾತನ್ನು ಆದ್ದರಿಂದ ನಾನು ಪೂರ್ತಿಯಾಗಿ ಒಪ್ಪಲಾರೆ.

ಉತ್ತರ (ಜಮಖಂಡಿ)

2017ರ ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿಯಲ್ಲಿ ನಮ್ಮ ಪಶ್ಚಿಮ ಘಟ್ಟ ಮತ್ತು ಹೊಯ್ಸಳರ ಪ್ರಸ್ತಾಪ ಬಂದಾಗ ಮೈ ಜುಮ್ಮೆಂದಿತು. ಆದರೆ ಅಲ್ಲಿರುವುದು ಪಾಳುಬಿದ್ದ ಗುಡಿಗಳು. ಸಂತೆ ಕೂಡುವ ಊರಲ್ಲ.

ಪ್ರಶ್ನೆ ಕೇಳಿದವರು (ವಿಜಯಪುರ)

ಬಾಗಲಕೋಟೆಯ ಗೆಳೆಯರೇ, ನಿಮ್ಮ ತಕರಾರು ಸರಿಯಾಗಿದೆ. ಫ್ಲಾರೆನ್ಸಿನಲ್ಲಿ ನನಗೆ ಗುಮ್ಮಟ ನೆನಪಿದೆ, ಅದರ ಕೆಳಗಿನ ಅಂಗಡಿಯವನ ಮುಖ ನೆನಪಿಲ್ಲ. ಮಜೋರಾಸ್ ಮಾಸ್ಕ್ 2015ರಲ್ಲಿ ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ 3ಡಿಎಸ್‌ಗೆ ಹೊಸ ರೂಪದಲ್ಲಿಯೂ ಬಂದಿದೆ. ಮೊದಲ ಬಾರಿ ಆಡುವವನು ಹಳೆಯದನ್ನು ಆಡಬೇಕೋ, ಇದನ್ನೋ?

ಉತ್ತರ (ಬಾಗಲಕೋಟೆ)

ಹಳೆಯದನ್ನೇ ಆಡಿರಿ, ಸರ್. ಮೊದಲ ದಿನ ಬೇರೆ ಯಾವ ಕೆಲಸವನ್ನೂ ಹಚ್ಚಿಕೊಳ್ಳದೆ ಅಂಚೆಯವನ ಬೆನ್ನು ಹತ್ತಿರಿ.